ಸುಸನ್ನಳ ಮುಖ

ಪಾಶ್ಚಾತ್ಯ ಚಿತ್ರಕಲೆಯ ಚರಿತ್ರೆ ಹೇಳುವ ಯಾವುದಾದರೂ ದಪ್ಪ ಪುಸ್ತಕವನ್ನು ಕೈಗೆತ್ತಿಕೊಂಡು ಹಾಳೆ ತಿರುವುತ್ತಾ ಹೋಗಿ. ಬೆತ್ತಲೆ ಹೆಂಗಸರ ಮೆರವಣಿಗೆಯೇ ಕಾಣುತ್ತದೆ. ಒಬ್ಬಳನ್ನು ವೀನಸ್ ಎನ್ನುತ್ತಾರೆ, ಇನ್ನೊಬ್ಬಳನ್ನು ಡಯಾನಾ, ಮತ್ತೊಬ್ಬಳನ್ನು ಈವ್... ಹೆಸರು ಬೇರೆ ಬೇರೆ, ಮೈ ಮಾತ್ರ ಒಂದೇ. ಮನೆಯಲ್ಲಿ ಮಕ್ಕಳು, ಅತ್ತೆ ಮಾವ ಓಡಾಡುವ ಹೊತ್ತಿನಲ್ಲಿ ಇಂಥ ಪುಸ್ತಕವನ್ನು ಹಜಾರದಲ್ಲಿ ಬಿಚ್ಚಿಕೊಂಡು ಕೂರಲು ನಮ್ಮಲ್ಲಿ ಅನೇಕರಿಗೆ ಸಂಕೋಚ. ಕಲೆಯನ್ನು ಕಲೆಯಾಗಿ ನೋಡಬೇಕಮ್ಮಾ ಎಂದು ತಿಳಿದವರು ಬುದ್ಧಿ ಹೇಳುತ್ತಾರೆ. ಇರಬಹುದು. ಆದರೆ ಆ ಸಂಕೋಚವನ್ನು ಬರೀ ತಿಳಿಗೇಡಿತನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇವನ್ನೆಲ್ಲ ಯಾರು ನೋಡಲೆಂದು ಬರೆದರು ಎಂಬ ಪ್ರಶ್ನೆಯೊಂದು ಅದರೊಳಗೆ ಅಡಗಿ ಕೂತಿದೆ. ಆ ಪ್ರಶ್ನೆಯನ್ನು ಒಂದೇ ಒಂದು ಕಥೆಯ ಬೆನ್ನು ಹಿಡಿದು ಕೇಳಿ ನೋಡೋಣ.

ಕಥೆ ಸುಸನ್ನಳದು. ಪ್ರಾಟೆಸ್ಟಂಟರ ಬೈಬಲಿನಲ್ಲಿ ಇದು ಸಿಗುವುದಿಲ್ಲ. ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13ನೆಯ ಅಧ್ಯಾಯವಾಗಿ ಇದೆ. ಬಾಬಿಲೋನಿನಲ್ಲಿ ಯೋವಾಕೀಮ ಎಂಬ ಶ್ರೀಮಂತ ಯೆಹೂದಿ; ಅವನ ಹೆಂಡತಿ ಸುಸನ್ನ. ಮನೆಗೆ ಹೊಂದಿದಂತೆ ಒಂದು ತೋಟ. ಆ ಮನೆಯಲ್ಲೇ ಪಂಚಾಯಿತಿ ನಡೆಯುತ್ತಿತ್ತು. ಆ ವರ್ಷ ನ್ಯಾಯ ಹೇಳಲು ನೇಮಕವಾದವರು ಇಬ್ಬರು ಹಿರಿಯರು. ದಿನವೂ ತೋಟದಲ್ಲಿ ತಿರುಗಾಡುವ ಸುಸನ್ನಳನ್ನು ನೋಡಿ ನೋಡಿ ಇಬ್ಬರಿಗೂ ಮನಸ್ಸು ಕೆಟ್ಟಿತು. ಒಂದು ದಿನ ಸೆಕೆಯೆಂದು ಆಕೆ ಸ್ನಾನಕ್ಕೆ ಸಿದ್ಧಳಾಗಿ ದಾಸಿಯರನ್ನು ಎಣ್ಣೆ ಮುಂತಾದವನ್ನು ತರಲು ಕಳಿಸಿದಳು. ಬಾಗಿಲು ಹಾಕಿತು. ಅಡಗಿದ್ದ ಇಬ್ಬರೂ ಎದ್ದು ಬಂದರು. ನಮ್ಮ ಮಾತಿಗೆ ಒಪ್ಪು, ಇಲ್ಲದಿದ್ದರೆ ನೀನು ಒಬ್ಬ ಹುಡುಗನ ಜೊತೆ ಇದ್ದೆ ಎಂದು ಸಾಕ್ಷಿ ಹೇಳುತ್ತೇವೆ ಎಂದರು. ಸುಸನ್ನ ಕೂಗಿಕೊಂಡಳು. ಅವರೂ ಕೂಗಿದರು! ಮರುದಿನ ವಿಚಾರಣೆ. ಹಿರಿಯರ ಮಾತು, ನ್ಯಾಯಾಧೀಶರ ಮಾತು, ಯಾರು ನಂಬದಿರುತ್ತಾರೆ? ಆಕೆಗೆ ಮರಣದಂಡನೆ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಇದು ಅದೇ. ಕೊನೆಗಳಿಗೆಯಲ್ಲಿ ದಾನಿಯೇಲನೆಂಬ ಹುಡುಗ ಎದ್ದುನಿಂತು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳಿದ. ಒಬ್ಬ ಒಂದು ಮರದ ಹೆಸರು ಹೇಳಿದ, ಇನ್ನೊಬ್ಬ ಮತ್ತೊಂದರ ಹೆಸರು. ಸುಳ್ಳು ಬಯಲಾಗಿ, ಆಕೆಗೆ ಹಾಕಿದ್ದ ಶಿಕ್ಷೆ ಅವರಿಗೇ ಆಯಿತು.

ಈ ಕಥೆಯಲ್ಲಿ ಎರಡು ಸಣ್ಣ ಸಂಗತಿಗಳಿವೆ. ಸುಸನ್ನ ಸ್ನಾನ ಮಾಡಿದಳೆಂದು ಮೂಲದಲ್ಲಿ ಎಲ್ಲೂ ಹೇಳಿಲ್ಲ. ದಾಸಿಯರು ಹೊರಗೆ ಹೋದರು, ಮುದುಕರು ಓಡಿಬಂದರು, ಅಷ್ಟೆ. ಇನ್ನೊಂದು, ವಿಚಾರಣೆಯ ದಿನ ಆಕೆ ಮುಸುಕು ಹಾಕಿಕೊಂಡು ಬಂದಿರುತ್ತಾಳೆ. ಕಣ್ತುಂಬ ನೋಡುವ ಆಸೆಯಿಂದ ಆ ಇಬ್ಬರು ಅದನ್ನೂ ತೆಗೆಸುತ್ತಾರೆ. ಕಥೆ ಬರೆದವನು ಇದನ್ನು ಅವರ ದುಷ್ಟತನದ ಗುರುತಾಗಿಯೇ ಹೇಳಿದ್ದಾನೆ. ಮುಸುಕು ತೆಗೆಸಿದ್ದೇ ಪಾಪವಾದ ಕಥೆಯನ್ನು ಹಿಡಿದುಕೊಂಡು ಯೂರೋಪಿನ ಚಿತ್ರಕಾರರು ಶತಮಾನಗಳ ಕಾಲ ಮಾಡಿದ್ದೇನು? ಇದ್ದಬದ್ದ ಬಟ್ಟೆಯನ್ನೆಲ್ಲ ತೆಗೆಸಿದರು. ಬೈಬಲಿನ ಕಥೆಯಾದ್ದರಿಂದ ದೊಡ್ಡಮನುಷ್ಯರು ಗೋಡೆಗೆ ನೇತುಹಾಕಿಕೊಳ್ಳಲು ಅಡ್ಡಿಯೂ ಇರಲಿಲ್ಲ. ಶೀಲದ ಪಾಠವೂ ಆಯಿತು, ಕಣ್ಣಿಗೆ ಹಬ್ಬವೂ ಆಯಿತು.

ವೆನಿಸಿನ ಟಿಂಟೊರೆಟ್ಟೊ 1555ರ ಆಸುಪಾಸಿನಲ್ಲಿ ಬರೆದ ಸುಸನ್ನ ಈಗ ವಿಯೆನ್ನಾದಲ್ಲಿದೆ. ಬಹಳ ಹೆಸರಾದ ಚಿತ್ರ. ಚೆಲುವಾಗಿಯೂ ಇದೆ, ಸುಳ್ಳೇಕೆ ಹೇಳಲಿ? ನೀರಂಚಿನಲ್ಲಿ ಕೂತ ಸುಸನ್ನಳ ಮೈಮೇಲೆ ಬೆಳಕೆಲ್ಲ ಬಂದು ಬಿದ್ದಿದೆ. ಬಾಚಣಿಗೆ, ಆಭರಣ ಅಲ್ಲೇ ಬಿದ್ದಿವೆ. ಎದುರಿಗೆ ಗಿಡಬೇಲಿಗೆ ಒರಗಿಸಿದ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾ ಮೈಮರೆತಿದ್ದಾಳೆ. ಬೇಲಿಯ ಈ ತುದಿಯಲ್ಲಿ ಒಬ್ಬ ಬೋಳುತಲೆಯವನು ನೆಲಕ್ಕೆ ಹತ್ತಿ ಇಣುಕುತ್ತಾನೆ, ಆ ತುದಿಯಲ್ಲಿ ಇನ್ನೊಬ್ಬ. ಆಕೆಗೆ ಯಾವುದೂ ತಿಳಿದಿಲ್ಲ. ಕಥೆಯಲ್ಲಿ ಇಲ್ಲದ ಈ ಕನ್ನಡಿ ಏಕೆ ಬಂತು? ಇಂಗ್ಲೆಂಡಿನ ವಿಮರ್ಶಕ ಜಾನ್ ಬರ್ಜರ್ 1972ರಲ್ಲಿ ಇದೇ ಮಾತೆತ್ತಿದ. ಹೆಂಗಸಿನ ಮೈಯನ್ನು ನೋಡುವ ಸುಖಕ್ಕಾಗಿ ಬರೆದವನು ಅವಳ ಕೈಗೊಂದು ಕನ್ನಡಿ ಕೊಟ್ಟು, ಚೆಲುವಿನ ಜಂಬ ಅವಳದೇ ಎಂದು ತೋರಿಸಿಬಿಡುತ್ತಾನೆ ಎಂಬುದು ಅವನ ಮಾತಿನ ತಾತ್ಪರ್ಯ. ತಾನೇ ತನ್ನನ್ನು ನೋಡಿಕೊಳ್ಳುತ್ತಿರುವವಳನ್ನು ಉಳಿದವರು ನೋಡಿದರೇನು ತಪ್ಪು! ಮೊನ್ನೆ ಮೊನ್ನೆಯ ಪತ್ರಿಕೆಗಳಲ್ಲೂ ಅತ್ಯಾಚಾರದ ಸುದ್ದಿಯ ಜೊತೆಗೆ ಹುಡುಗಿ ತೊಟ್ಟ ಬಟ್ಟೆಯ ವಿಚಾರ ಬರುವುದನ್ನು ನಾವು ನೋಡಿಲ್ಲವೆ? ಅದು ಈ ಕನ್ನಡಿಯ ಮುಂದುವರಿಕೆ.

ರೆಂಬ್ರಾಂಟನ ದಾರಿ ಬೇರೆ. ಅವನು 1636ರಲ್ಲೊಮ್ಮೆ, 1647ರಲ್ಲೊಮ್ಮೆ ಸುಸನ್ನಳನ್ನು ಬರೆದ. ಎರಡರಲ್ಲೂ ಆಕೆ ಮೈ ಮುದುರಿ, ಚಿತ್ರದಿಂದಾಚೆ ನಮ್ಮತ್ತ ಮುಖ ಮಾಡಿದ್ದಾಳೆ. ನೋಡುತ್ತಾ ನಿಂತವನಿಗೆ ಮೂರನೆಯ ಮುದುಕ ತಾನೇ ಎಂದು ಹೊಳೆದರೆ ಹೊಳೆಯಬೇಕು. ಇಷ್ಟು ಎಲ್ಲರಿಗೂ ಸಾಧ್ಯವಾಗಿರಲಿಲ್ಲ. ಆದರೂ ಅಲ್ಲಿ ಕಾಣುವುದು ಸಿಕ್ಕಿಬಿದ್ದವಳ ಬೆದರಿಕೆ. ಅದಕ್ಕಿಂತ ಹೆಚ್ಚಿನದನ್ನು ನೋಡಬೇಕಾದರೆ ಅವನಿಗಿಂತ ಮೊದಲೇ, 1610ರಲ್ಲಿ, ರೋಮಿನಲ್ಲಿ ಒಬ್ಬ ಹುಡುಗಿ ಬರೆದದ್ದನ್ನು ನೋಡಬೇಕು.

ಆರ್ಟೆಮಿಸಿಯಾ ಜೆಂಟಿಲೆಸ್ಕಿ ಹುಟ್ಟಿದ್ದು 1593ರ ಜುಲೈ 8ರಂದು. ಅಪ್ಪ ಒರಾಜಿಯೊ ಚಿತ್ರಕಾರ. ಹನ್ನೆರಡು ವರ್ಷಕ್ಕೆ ತಾಯಿ ತೀರಿಕೊಂಡಳು, ಹಿಂದೆ ತಮ್ಮಂದಿರು. ಹೊರಗೆ ಕಲಿಯಲು ಹೋಗುವಂತಿರಲಿಲ್ಲ, ಅಪ್ಪನ ಕೆಲಸದ ಕೋಣೆಯೇ ಶಾಲೆ. ಬಣ್ಣ ಅರೆಯುವುದರಿಂದ ಹಿಡಿದು ಎಲ್ಲವನ್ನೂ ಅಲ್ಲೇ ಕಲಿತಳು. ಹೆಸರು, ಇಸವಿ ಹಾಕಿ ಬರೆದ ಮೊದಲ ಚಿತ್ರ ಈ ಸುಸನ್ನ. ಜರ್ಮನಿಯ ಪೊಮರ್ಸ್‌ಫೆಲ್ಡನ್ನಿನ ಅರಮನೆಯಲ್ಲಿದೆ. ಐದೂವರೆ ಅಡಿ ಎತ್ತರದ ಚಿತ್ರವನ್ನು ನಾನು ನೋಡಿರುವುದು ಪುಸ್ತಕದ ಅಂಗೈಯಗಲದ ಅಚ್ಚಿನಲ್ಲಿ. ಅಷ್ಟರಲ್ಲೇ ಅದು ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಅಲ್ಲಿ ತೋಟವೇ ಇಲ್ಲ. ಗಿಡವಿಲ್ಲ, ಹೂವಿಲ್ಲ, ಕನ್ನಡಿಯಂತೂ ಇಲ್ಲವೇ ಇಲ್ಲ. ಗಟ್ಟಿಯಾದ ಕಲ್ಲಿನ ಗೋಡೆ, ಕಲ್ಲಿನ ಪೀಠ, ಮೇಲೊಂದಿಷ್ಟು ಆಕಾಶ. ಆ ಕಲ್ಲಿಗೂ ಗೋಡೆಯ ಮೇಲಿಂದ ಬಾಗಿದ ಇಬ್ಬರು ಗಂಡಸರಿಗೂ ನಡುವೆ ಸುಸನ್ನ ಸಿಕ್ಕಿಕೊಂಡಿದ್ದಾಳೆ. ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಒಂದೇ ಮೂಟೆಯಂತೆ ಮೇಲೆ ಬಿದ್ದಿದ್ದಾರೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಉಸುರುತ್ತಿದ್ದಾನೆ. ಆ ಇನ್ನೊಬ್ಬ ಬಾಯಿಗೆ ಬೆರಳಿಟ್ಟು ಸುಮ್ಮನಿರು ಎನ್ನುತ್ತಿದ್ದಾನೆ. ಗಮನಿಸಿ, ಕಪ್ಪುಗೂದಲಿನ ಮೊದಲಿನವನು ಮುದುಕನೇ ಅಲ್ಲ. ಸುಸನ್ನಳ ಮೈ ಹಗ್ಗದಂತೆ ಹೊಸೆದುಕೊಂಡಿದೆ. ಕಾಲು ಒಂದು ಕಡೆ, ಹೆಗಲು ಇನ್ನೊಂದು ಕಡೆ. ಎರಡೂ ಕೈ ಎತ್ತಿ ಆ ಉಸಿರನ್ನು ದೂಡುತ್ತಿದ್ದಾಳೆ. ಮೈಯನ್ನು ಚೆಂದಗೊಳಿಸಿಲ್ಲ, ಕತ್ತು ತಿರುಗಿದಲ್ಲಿ ಬೀಳುವ ಮಡಿಕೆ, ಹೊಟ್ಟೆ ಮುದುರಿದಲ್ಲಿ ಬೀಳುವ ಸುಕ್ಕು ಎಲ್ಲವೂ ಇದ್ದಹಾಗೇ ಇವೆ. ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಹೇಸಿಗೆ ಇದೆ. ಹುಬ್ಬು ಗಂಟಿಕ್ಕಿದೆ. ಟಿಂಟೊರೆಟ್ಟೊನ ಸುಸನ್ನಳನ್ನು ನೋಡಿ ಮರೆತುಬಿಡಬಹುದು. ಈ ಮುಖವನ್ನು ನಾವೆಲ್ಲ ಒಂದಲ್ಲ ಒಂದು ದಿನ ಹೊತ್ತುಕೊಂಡು ಓಡಾಡಿದ್ದೇವೆ.

ಹದಿನೇಳರ ಹುಡುಗಿ ಇಷ್ಟು ಬರೆಯಲುಂಟೆ, ಅಪ್ಪನ ಕೈ ಇರಬೇಕು ಎಂದವರುಂಟು. ರೇಖೆಯಲ್ಲಿ, ಬಣ್ಣದಲ್ಲಿ ಒರಾಜಿಯೊನ ನೆರವು ಇದ್ದರೂ ಇದ್ದೀತು. ಒಂದೇ ಕೋಣೆಯಲ್ಲಿ ದುಡಿಯುವವರ ನಡುವೆ ಅದು ಸಹಜ. ಆದರೆ ಆ ಹುಬ್ಬಿನ ಗಂಟು? ಅದನ್ನು ಅಪ್ಪ ಕಲಿಸಿದನೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಕೆಲವರು ಈ ಚಿತ್ರವನ್ನು ಆಕೆಯ ಮೇಲೆ ನಡೆದ ಅತ್ಯಾಚಾರದ ಜೊತೆಗೆ ನೇರವಾಗಿ ಗಂಟುಹಾಕುತ್ತಾರೆ. ಇಸವಿ ಒಪ್ಪುವುದಿಲ್ಲ. ಚಿತ್ರ 1610ರದು, ಅಗೋಸ್ಟಿನೊ ಟಾಸ್ಸಿ ಆಕೆಯನ್ನು ಕೆಡಿಸಿದ್ದು 1611ರ ಮೇ ತಿಂಗಳಲ್ಲಿ. ಹಾಗಾದರೆ ಇಷ್ಟು ಮೊದಲೇ ಆಕೆಗೆ ಗೊತ್ತಾದದ್ದು ಹೇಗೆ ಎಂದು ಆಶ್ಚರ್ಯಪಡುವವರು ಗಂಡಸರೇ ಇರಬೇಕು. ಗೋಡೆಯ ಮೇಲಿಂದ ಬಾಗುವ ತಲೆಗಳನ್ನು ಕುರಿತು ಹದಿನೇಳರ ಹುಡುಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಟಾಸ್ಸಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ, ಮನೆಗೆ ಬಂದುಹೋಗುತ್ತಿದ್ದವನು. ಆರ್ಟೆಮಿಸಿಯಾಳಿಗೆ ಕಾವಲಾಗಿದ್ದ ನೆರೆಯ ಹೆಂಗಸು ತೂಜಿಯಾ ಆ ಹೊತ್ತಿನಲ್ಲಿ ಸಹಾಯಕ್ಕೆ ಬರಲಿಲ್ಲ. ಮದುವೆಯಾಗುತ್ತೇನೆಂಬ ಮಾತು ಕೊಟ್ಟು ಟಾಸ್ಸಿ ತಿಂಗಳುಗಟ್ಟಲೆ ಸಂಬಂಧ ಮುಂದುವರಿಸಿದ. ಅವನಿಗೆ ಹೆಂಡತಿ ಇದ್ದಳೆಂಬುದು ಆಮೇಲೆ ಹೊರಬಿತ್ತು. 1612ರಲ್ಲಿ ಒರಾಜಿಯೊ ಪೋಪರಿಗೆ ದೂರು ಕೊಟ್ಟ. ದೂರಿನಲ್ಲಿ ಮಗಳ ಮಾನಹರಣದ ಜೊತೆಗೆ ಮನೆಯಿಂದ ಚಿತ್ರವೊಂದು ಹೋದ ಸಂಗತಿಯೂ ಇತ್ತು! ಕೆಟ್ಟಿದ್ದು ಮಗಳ ಬದುಕಿಗಿಂತ ಹೆಚ್ಚಾಗಿ ಅಪ್ಪನ ಮನೆತನದ ಮರ್ಯಾದೆ ಎಂಬುದೇ ಆ ಕಾಲದ ಕಾನೂನು.

ಏಳು ತಿಂಗಳು ವಿಚಾರಣೆ ನಡೆಯಿತು. ಅದರ ದಾಖಲೆ ರೋಮಿನಲ್ಲಿ ಉಳಿದುಬಂದಿದೆ. ಸೂಲಗಿತ್ತಿಯರು ಬಂದು ಆಕೆಯ ಮೈ ಪರೀಕ್ಷಿಸಿದರು. ಟಾಸ್ಸಿಯ ಕಡೆಯ ಸಾಕ್ಷಿಗಳು ಇವಳ ನಡತೆಯೇ ಸರಿಯಿಲ್ಲ ಎಂದರು. ಕೊನೆಗೆ ನಿಜ ಹೇಳುತ್ತಿದ್ದಾಳೆಯೇ ಎಂದು ತಿಳಿಯಲು ಆಕೆಯ ಬೆರಳುಗಳಿಗೆ ದಾರ ಸುತ್ತಿ ಬಿಗಿದರು. ಟಾಸ್ಸಿಯ ಬೆರಳಿಗಲ್ಲ, ಆಕೆಯ ಬೆರಳಿಗೆ. ಚಿತ್ರ ಬರೆಯುವ ಬೆರಳುಗಳು! ಹದಿನೆಂಟರ ಹುಡುಗಿ ಮತ್ತೆ ಮತ್ತೆ ನಿಜ, ನಿಜ ಎಂದೇ ಹೇಳಿದಳು. ಇವನು ತೊಡಿಸುತ್ತೇನೆಂದಿದ್ದ ಉಂಗುರ ಇದೇ ನೋಡಿ ಎಂಬರ್ಥದಲ್ಲಿ ಟಾಸ್ಸಿಯನ್ನು ಚುಚ್ಚಿ ನುಡಿದದ್ದೂ ದಾಖಲಾಗಿದೆ. ಆತ ತಪ್ಪಿತಸ್ಥನೆಂದು ತೀರ್ಪಾಯಿತು. ರೋಮ್ ಬಿಟ್ಟು ಹೋಗಬೇಕಾದ ಶಿಕ್ಷೆ ನೆಟ್ಟಗೆ ಜಾರಿಯಾಗಲಿಲ್ಲ. ಸುಸನ್ನಳಿಗಾದರೆ ದಾನಿಯೇಲ ಸಿಕ್ಕಿದ್ದ. ಅಲ್ಲೂ ಆಕೆಯ ಮಾತನ್ನು ಯಾರೂ ನಂಬಲಿಲ್ಲ ಎಂಬುದನ್ನು ಮರೆಯಬಾರದು. ಗಂಡುಹುಡುಗನೊಬ್ಬ ಗಂಡಸರಿಬ್ಬರ ಸಾಕ್ಷ್ಯವನ್ನು ಮುರಿದ ಮೇಲೆಯೇ ಆಕೆ ನಿರ್ದೋಷಿ.

ಇಲ್ಲಿ ಸಾಹಿತ್ಯದ ಮಾತು ಬರುತ್ತದೆ. ಮಾನ ಹೋದ ಹೆಣ್ಣು ಮುಂದೆ ಏನಾದಳು ಎಂಬುದಕ್ಕೆ ಪಾಶ್ಚಾತ್ಯ ಸಾಹಿತ್ಯದ ಬಳಿ ಇದ್ದ ಉತ್ತರಗಳು ಬಹಳ ಕಡಿಮೆ. ರೋಮನರ ಲುಕ್ರೀಶಿಯಾ ಇರಿದುಕೊಂಡು ಸತ್ತಳು. ಅವಳನ್ನು ಹೊಗಳಿ ಶೇಕ್ಸ್‌ಪಿಯರ್ 1594ರಲ್ಲಿ ದೀರ್ಘ ಕಾವ್ಯ ಬರೆದ. 1740ರಲ್ಲಿ ಸ್ಯಾಮ್ಯುಯೆಲ್ ರಿಚರ್ಡ್‌ಸನ್ 'ಪಮೆಲಾ' ಬರೆದ. ಮನೆಗೆಲಸದ ಹುಡುಗಿ ಯಜಮಾನನ ಕಾಟವನ್ನು ತಡೆದು ನಿಂತದ್ದಕ್ಕೆ ಬಹುಮಾನವೇನು ಗೊತ್ತೆ? ಅದೇ ಯಜಮಾನನ ಜೊತೆ ಮದುವೆ. 1748ರಲ್ಲಿ ಮುಗಿದ ಅವನದೇ 'ಕ್ಲಾರಿಸಾ'ದಲ್ಲಿ ಅಮಲು ಬರಿಸಿ ಕೆಡಿಸಿದವನನ್ನು ಮದುವೆಯಾಗಲು ಹುಡುಗಿ ಒಪ್ಪುವುದಿಲ್ಲ. ಅಷ್ಟು ಧೈರ್ಯ ಕೊಟ್ಟ ಲೇಖಕ ಅವಳಿಗೆ ಬದುಕು ಕೊಡಲಿಲ್ಲ, ಕೊರಗಿ ಸಾಯುತ್ತಾಳೆ. ಇಂಗ್ಲಿಷ್ ಓದಿದವರಿಗೆ ಥಾಮಸ್ ಹಾರ್ಡಿಯ 'ಟೆಸ್' ಪರಿಚಿತ. ಟೆಸ್ ಪರಿಶುದ್ಧಳು ಎಂದು ಕಾದಂಬರಿಯ ಉಪಶೀರ್ಷಿಕೆಯಲ್ಲೇ ಸಾರಿದ ಆ ದೊಡ್ಡ ಮನಸ್ಸಿನ ಲೇಖಕನೂ ಕೊನೆಗೆ ಅವಳನ್ನು ಗಲ್ಲಿಗೇರಿಸಿದ. 1891ರಲ್ಲಿ ಅದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಓದುವ ಕುಟುಂಬಗಳಿಗೆ ಮುಜುಗರವಾದೀತೆಂದು ಕಾಡಿನ ಆ ಪ್ರಸಂಗವನ್ನೇ ತೆಗೆದು, ಸುಳ್ಳು ಮದುವೆಯೊಂದನ್ನು ಸೇರಿಸಬೇಕಾಯಿತು. ನೀರು ನಿಂತ ದಾರಿಯಲ್ಲಿ ನಾಯಕ ಹುಡುಗಿಯರನ್ನು ಎತ್ತಿಕೊಂಡು ದಾಟಿಸುವ ಕಡೆ ಕೈಗಾಡಿ ತಂದು ಅದರಲ್ಲಿ ಕೂರಿಸಿ ದಾಟಿಸಿದ್ದು ನಗು ಬರಿಸುತ್ತದೆ.

ಆತ್ಮಹತ್ಯೆ, ಮದುವೆ, ಕೊರಗು, ಗಲ್ಲು. ಆರ್ಟೆಮಿಸಿಯಾ ಇದರಲ್ಲಿ ಯಾವುದಕ್ಕೂ ಸೇರಲಿಲ್ಲ. ಮದುವೆಯೇನೋ ಆದಳು, 1612ರ ನವೆಂಬರಿನಲ್ಲಿ, ಬೇರೊಬ್ಬನನ್ನು. ಫ್ಲಾರೆನ್ಸಿಗೆ ಹೋದಳು. 1616ರಲ್ಲಿ ಅಲ್ಲಿನ ಚಿತ್ರಕಲಾ ಅಕಾಡೆಮಿಗೆ ಸೇರಿದ ಮೊದಲ ಹೆಂಗಸಾದಳು. ಮಕ್ಕಳನ್ನು ಹೆತ್ತಳು, ಕೆಲವರನ್ನು ಕಳೆದುಕೊಂಡಳು. ವಿಚಾರಣೆಯ ಕಾಲಕ್ಕೆ ಬರೆಯಲು ಬಾರದಿದ್ದವಳು ಅಕ್ಷರವನ್ನೂ ಕಲಿತಳು. ಅವಳ ಕೈಬರಹದ ಪತ್ರಗಳ ಕಟ್ಟೊಂದು 2011ರಲ್ಲಿ ಬೆಳಕಿಗೆ ಬಂತು. ಅವು ಫ್ಲಾರೆನ್ಸಿನ ಶ್ರೀಮಂತ ಮಾರಿಂಗಿಗೆ ಬರೆದ ಪ್ರೇಮಪತ್ರಗಳು. ಅವಳ ಗಂಡನೂ ಅದೇ ಮಾರಿಂಗಿಗೆ ಪತ್ರ ಬರೆಯುತ್ತಿದ್ದನಂತೆ, ಮನೆಯ ಕಷ್ಟಸುಖ ಹೇಳಿಕೊಂಡು! ಇದನ್ನೋದಿ ಕೆಲವರಿಗೆ ನಿರಾಸೆಯಾಗಬಹುದು, ಕಣ್ಣೀರಿನ ಪ್ರತಿಮೆಯೊಂದು ಬಿರುಕುಬಿಟ್ಟಂತೆ. ನನಗೆ ಸಂತೋಷವೇ ಆಯಿತು. ಬಲಾತ್ಕಾರಕ್ಕೆ ಒಳಗಾದವಳಿಗೆ ಬಯಕೆ ಇರಬಾರದು, ಇದ್ದರೆ ಅವಳ ದೂರು ಸುಳ್ಳು ಎಂಬ ವಾದ ಟಾಸ್ಸಿಯ ಸಾಕ್ಷಿಗಳದು. ನಾವೇಕೆ ಅದನ್ನು ಹೊರಬೇಕು?

ಆದರೂ ಆ ವಾದ ಹೋಗಿಲ್ಲ. 1997ರಲ್ಲಿ ಫ್ರೆಂಚ್ ನಿರ್ದೇಶಕಿ ಆನ್ಯೆಸ್ ಮೆರ್ಲೆ ಆರ್ಟೆಮಿಸಿಯಾಳ ಮೇಲೆ ಚಲನಚಿತ್ರ ಮಾಡಿದಳು. ಅದರಲ್ಲಿ ಟಾಸ್ಸಿ ಪ್ರೇಮಿ. ಬೆರಳು ಬಿಗಿದರೂ ಹುಡುಗಿ ಅವನ ಮೇಲೆ ದೂರು ಹೇಳುವುದಿಲ್ಲ. ಆರ್ಟೆಮಿಸಿಯಾಳ ಕುರಿತು 1989ರಲ್ಲಿ ಮಹತ್ವದ ಗ್ರಂಥ ಬರೆದಿದ್ದ ಅಮೆರಿಕದ ಮೇರಿ ಗ್ಯಾರಾರ್ಡ್ ಮುಂತಾದವರು ಇದನ್ನು ಪ್ರತಿಭಟಿಸಿದರು. ಹೆಂಗಸು ನಿರ್ದೇಶಿಸಿದಳೆಂದ ಮಾತ್ರಕ್ಕೆ ಹೆಂಗಸಿನ ಮಾತು ಉಳಿಯುತ್ತದೆಂದಿಲ್ಲ. ನೋವು ತಿನ್ನುತ್ತಾ ಹೇಳಿದ ನಿಜವನ್ನು ನಾನೂರು ವರ್ಷದ ಮೇಲೆ ಇಷ್ಟು ಸಲೀಸಾಗಿ ಅಳಿಸಿಬಿಟ್ಟರಲ್ಲ ಎಂದು ನನಗೆ ಸಿಟ್ಟು ಬರುತ್ತದೆ.

ಆಕೆ ಬರೆದ ಜೂಡಿತ್ ಚಿತ್ರಗಳನ್ನು ಬಹಳ ಜನ ಸೇಡಿನ ಚಿತ್ರಗಳೆನ್ನುತ್ತಾರೆ. ಶತ್ರು ಸೇನಾಪತಿ ಹೊಲೊಫರ್ನಿಸ್‌ನ ಡೇರೆಗೆ ಹೋಗಿ, ಅವನು ಕುಡಿದು ಬಿದ್ದಾಗ ತಲೆ ಕತ್ತರಿಸಿದ ವಿಧವೆ ಜೂಡಿತ್. ನೇಪಲ್ಸಿನಲ್ಲೊಂದು, ಫ್ಲಾರೆನ್ಸಿನ ಉಫ್ಫೀಜಿಯಲ್ಲೊಂದು ಹೀಗೆ ಎರಡು ಚಿತ್ರಗಳಲ್ಲಿ ಆರ್ಟೆಮಿಸಿಯಾ ಆ ಗಳಿಗೆಯನ್ನು ಹಿಡಿದಿದ್ದಾಳೆ. ಸೇಡು ಇರಬಹುದು. ಆದರೆ ಅಷ್ಟೇ ಎಂದರೆ ಚಿತ್ರವನ್ನು ನೋಡಲೇ ಇಲ್ಲ ಎಂದಾಯಿತು. ಇದೇ ವಸ್ತುವನ್ನು ಮೊದಲು ಬರೆದಿದ್ದ ಕಾರವಾಜ್ಜೊ ದೊಡ್ಡ ಕಲಾವಿದ. ಅವನ ಜೂಡಿತ್ ಕತ್ತಿಗೂ ತನಗೂ ಸಂಬಂಧವಿಲ್ಲದವಳಂತೆ ಹಿಂದಕ್ಕೆ ವಾಲಿ ನಿಂತಿದ್ದಾಳೆ. ಪಕ್ಕದಲ್ಲಿ ಚೀಲ ಹಿಡಿದು ಕಾಯುವ ಮುದಿ ದಾಸಿ. ಆರ್ಟೆಮಿಸಿಯಾಳ ದಾಸಿ ತರುಣಿ, ಗಟ್ಟಿಗಿತ್ತಿ. ಅವಳು ಗಂಡಸಿನ ಎದೆಯನ್ನು ಒತ್ತಿ ಹಿಡಿದಿದ್ದಾಳೆ. ಜೂಡಿತ್ ತೋಳು ಮೇಲೇರಿಸಿಕೊಂಡು, ದೊಡ್ಡ ಅಡುಗೆಗೆ ನಿಂತ ಹೆಂಗಸರ ನಿಗಾದಿಂದ, ಕತ್ತಿ ನಡೆಸುತ್ತಿದ್ದಾಳೆ. ಇದು ಇಬ್ಬರು ಕೂಡಿ ಮಾಡಬೇಕಾದ ಕೆಲಸ, ಒಬ್ಬಳಿಂದ ಆಗದು ಎಂದು ಲೆಕ್ಕಹಾಕಿ ಬರೆದಂತಿದೆ. ಸುಸನ್ನಳ ಕಥೆಯಲ್ಲಿ ದಾಸಿಯರು ಹೊರಗೆ ಹೋದ ಕೂಡಲೇ ಗಂಡಾಂತರ ಬಂತು. ತೂಜಿಯಾ ಕೂಗಿಗೆ ಓಗೊಡಲಿಲ್ಲ. ಇಲ್ಲಿ ಮಾತ್ರ ದಾಸಿ ಹೋಗಿಲ್ಲ.

ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು, ಏಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಸದಸ್ಯರೆಲ್ಲ ಬೆತ್ತಲೆ ರೂಪದರ್ಶಿಯ ಸುತ್ತ ನೆರೆದಂತೆ ಜೊಫಾನಿ ಬರೆದ ಚಿತ್ರದಲ್ಲಿ ಇವರಿಬ್ಬರು ಎಲ್ಲಿದ್ದಾರೆಂದರೆ, ಗೋಡೆಯ ಮೇಲೆ ತೂಗುಹಾಕಿದ ಭಾವಚಿತ್ರಗಳಾಗಿ! ಬೆತ್ತಲೆ ಮೈ ನೋಡುವುದು ಮರ್ಯಾದಸ್ಥ ಹೆಂಗಸರಿಗೆ ಸಲ್ಲದು. ಹೆಂಗಸಿನ ಬೆತ್ತಲೆ ಮೈ ಮಾತ್ರ ಎಲ್ಲರಿಗೂ ಸಲ್ಲುತ್ತದೆ. ಹಿರಿಯ ಕಲಾವಿದೆಯರು ಏಕೆ ಹುಟ್ಟಲಿಲ್ಲ ಎಂಬ ಪ್ರಶ್ನೆಯನ್ನೆತ್ತಿ 1971ರಲ್ಲಿ ಲಿಂಡಾ ನಾಕ್ಲಿನ್ ಬರೆದ ಪ್ರಬಂಧಕ್ಕೆ ಬೇಕಾದ ಸಾಕ್ಷ್ಯ ಇಂಥವುಗಳಲ್ಲೇ ಇತ್ತು.

ಆರ್ಟೆಮಿಸಿಯಾಳಿಗೆ ಆ ಬಾಗಿಲು ಬೇಕಾಗಲಿಲ್ಲ. ಹೆಣ್ಣಿನ ಮೈಯನ್ನು ಬರೆಯುವುದರಲ್ಲಿ ಆಕೆಯದು ಎತ್ತಿದ ಕೈ ಎಂದು ಗಿರಾಕಿಗಳು ಹುಡುಕಿಕೊಂಡು ಬಂದರು. ನೇಪಲ್ಸಿನಿಂದ 1649ರಲ್ಲಿ ಸಿಸಿಲಿಯ ಶ್ರೀಮಂತ ಡಾನ್ ಆಂಟೋನಿಯೊ ರುಫ್ಫೊಗೆ ಬರೆದ ಪತ್ರಗಳಲ್ಲಿ ಆಕೆ ಅಪ್ಪಟ ವ್ಯವಹಾರಸ್ಥೆ. ರೂಪದರ್ಶಿ ಹೆಂಗಸರಿಗೆ ಕೊಡುವ ಕೂಲಿ ದುಬಾರಿಯಾಗಿದೆ ಎಂದು ಗೊಣಗುತ್ತಾಳೆ. ಮೂವತ್ತು ಹೇಳಿ ನಾಲ್ಕಕ್ಕೆ ಕೊಡುವ ನೇಪಲ್ಸಿನವರ ಚೌಕಾಸಿ ತನ್ನದಲ್ಲ, ತಾನು ರೋಮಿನವಳು, ಒಂದೇ ಮಾತು ಎನ್ನುತ್ತಾಳೆ. ಹಿಂದೊಮ್ಮೆ ಬಿಷಪ್ಪನೊಬ್ಬನಿಗೆ ರೇಖಾಚಿತ್ರ ಕಳಿಸಿಕೊಟ್ಟರೆ ಅವನು ಅದನ್ನು ಕಡಿಮೆ ಬೆಲೆಗೆ ಬೇರೆಯವನ ಕೈಲಿ ಬರೆಸಿಬಿಟ್ಟ. ಇನ್ನು ಯಾರಿಗೂ ಮುಂಚಿತವಾಗಿ ರೇಖಾಚಿತ್ರ ಕಳಿಸುವುದಿಲ್ಲ ಎಂದು ಖಂಡಿತವಾಗಿ ತಿಳಿಸುತ್ತಾಳೆ.

ಹೊಟ್ಟೆಪಾಡು ಎಂದ ಮೇಲೆ ಗಿರಾಕಿಯ ರುಚಿಯೂ ನೋಡಬೇಕಷ್ಟೆ. 1622ರಲ್ಲಿ ಬರೆದ ಸುಸನ್ನ ಮೊದಲಿನವಳಂತಿಲ್ಲ. ಅವಳು ನಯವಾಗಿದ್ದಾಳೆ, ಆಕಾಶದ ಕಡೆ ಕಣ್ಣೆತ್ತಿದ್ದಾಳೆ. ಹೆಂಗಸು ಬರೆದದ್ದೆಲ್ಲ ಹೆಣ್ಣಿನ ಪರ ಎಂದು ಸಾಧಿಸಹೊರಡುವವರಿಗೆ ಇಂಥ ಚಿತ್ರ ತೊಡಕು. ತೊಡಕಾಗಿಯೇ ಇರಲಿ. ಆ ಕಥೆಯನ್ನು ಮಾತ್ರ ಆಕೆ ಬಿಡಲಿಲ್ಲ. 1649ರಲ್ಲಿ ಮತ್ತೊಂದು, 1652ರಲ್ಲಿ ಇನ್ನೊಂದು. ಹದಿನೇಳಕ್ಕೆ ಹಿಡಿದ ಕಥೆಯನ್ನು ಐವತ್ತೊಂಬತ್ತರಲ್ಲೂ ಬರೆಯುತ್ತಿದ್ದಳು.

ನಡುವೆ ಬರೆದ ಒಂದು ಕಳೆದೇಹೋಗಿತ್ತು. ಅಪ್ಪ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್‌ನ ಆಸ್ಥಾನದಲ್ಲಿದ್ದ. 1638ರ ಸುಮಾರಿಗೆ ಆರ್ಟೆಮಿಸಿಯಾಳೂ ಲಂಡನ್ನಿಗೆ ಹೋಗಿ ಅಲ್ಲೊಂದು ಸುಸನ್ನ ಬರೆದಳು. ಮುಂದೆ ಆ ಚಿತ್ರಕ್ಕೆ ಯಾರೋ ಫ್ರೆಂಚ್ ಶೈಲಿಯವನದೆಂದು ಚೀಟಿ ಅಂಟಿತು. ಬಣ್ಣ ಮಾಸಿ, ಮೇಲೆ ಬೇರೆ ಬಣ್ಣ ಬಳಿಸಿಕೊಂಡು ಹ್ಯಾಂಪ್ಟನ್ ಕೋರ್ಟ್ ಅರಮನೆಯ ಉಗ್ರಾಣದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬಿದ್ದಿತ್ತು. ಶುಚಿ ಮಾಡುವಾಗ ಹಿಂಬದಿಯಲ್ಲಿ ಚಾರ್ಲ್ಸ್ ದೊರೆಯ ಮುದ್ರೆ ಕಂಡಿತು. 2023ರಲ್ಲಿ ಇದು ಆರ್ಟೆಮಿಸಿಯಾಳದು ಎಂದು ಪ್ರಕಟಿಸಿದರು. ಬರೆಸಿದವಳು ರಾಣಿ ಹೆನ್ರಿಯೆಟ್ಟಾ ಮರಿಯಾ. ವೈಟ್‌ಹಾಲ್ ಅರಮನೆಯಲ್ಲಿ ತನ್ನ ಕೋಣೆಯ ಬೆಂಕಿಗೂಡಿನ ಮೇಲೆ, ದಿನವೂ ಕಣ್ಣಿಗೆ ಬೀಳುವ ಕಡೆ, ಅವಳು ಅದನ್ನು ತೂಗುಹಾಕಿಸಿದ್ದಳು.